ಕಾರ್ಪೆಟ್ ಕಿತ್ತಿರಾ? ಆ್ಯಸಿಡ್ ಮುಟ್ಟಬೇಡಿ

ಕಲಬುರಗಿಯ ಹಳೇ ಮನೆಗಳಲ್ಲಿ ಪ್ಲಾಸ್ಟಿಕ್ ಕಾರ್ಪೆಟ್ ಎತ್ತಿದರೆ ಕೆಳಗೆ ಶಹಾಬಾದ್ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು, ಸಿಗುವುದುಂಟು. ಕರ್ರಗಾಗಿದೆ ಅಂತ ಅದನ್ನು ಒಡೆಸಿ ಟೈಲ್ಸ್ ಹಾಕಿಸಿದವರನ್ನೂ ಆ್ಯಸಿಡ್ ಸುರಿದು ಕೆಡಿಸಿದವರನ್ನೂ ಬಹಳ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಬಿಸಿಲು 40 ಡಿಗ್ರಿ ದಾಟುವ ಊರಲ್ಲಿ ಬರಿಗಾಲಿಗೆ ಇಷ್ಟು ತಂಪಾದ ನೆಲ ಬೇರೆ ಯಾವುದಿದೆ?

ಮೊದಲು ಕಾರ್ಪೆಟ್ ಕೀಳಿ. ಬ್ಲೇಡಿನಿಂದ ಒಂದಡಿ ಅಗಲದ ಪಟ್ಟಿಗಳಾಗಿ ಕೊಯ್ದು ಎಳೆದರೆ ಬರುತ್ತದೆ. ಕಸ ಗುಡಿಸಿ.

ಕಷ್ಟ ಇರುವುದು ಅಂಟಿನಲ್ಲಿ. ಕೆಲಸದವರು ಸೀದಾ ಉಳಿ, ಸುತ್ತಿಗೆ ಹಿಡಿದು ಕೂರುತ್ತಾರೆ. ಬಿಡಬೇಡಿ. ಈ ಕಲ್ಲು ಪದರು ಪದರಾಗಿರುತ್ತದೆ. ಪೆಟ್ಟು ಬಿದ್ದರೆ ಅಂಟಿನ ಜೊತೆ ಕಲ್ಲಿನ ಚಕ್ಕೆಯೂ ಏಳುತ್ತದೆ. ಆಮೇಲೆ ಯಾವ ಪಾಲಿಷ್ ಮಾಡಿಸಿದರೂ ಆ ಗುಳಿ ಹೋಗುವುದಿಲ್ಲ.

ಒಂದು ಸಲಕ್ಕೆ ಒಂದೇ ಕಲ್ಲು ಹಿಡಿಯಿರಿ. ಕುದಿಯುವ ನೀರಲ್ಲಿ ಅದ್ದಿದ ಗೋಣಿಚೀಲವನ್ನು ಕೋಲಿನಿಂದ ಎತ್ತಿ ಅದರ ಮೇಲೆ ಹಾಸಿ, ಸ್ವಲ್ಪ ಹೊತ್ತು ಬಿಡಿ. ಚೀಲ ಸರಿಸಿ ಅಂಟಿಗೆ ಉಗುರು ಒತ್ತಿ ನೋಡಿ. ಗುರುತು ಮೂಡಿದರೆ ಮೆತ್ತಗಾಗಿದೆ ಅಂತ ಲೆಕ್ಕ. ಆಗ ಪೇಂಟರುಗಳು ಪುಟ್ಟಿ ಎಳೆಯುವ ಪಟ್ಟಿಯನ್ನು ಹೆಚ್ಚುಕಡಿಮೆ ನೆಲಕ್ಕೆ ಮಲಗಿಸಿ ತಳ್ಳಿ. ನೆಟ್ಟಗೆ ಹಿಡಿದರೆ ಗೀರು ಬೀಳುತ್ತದೆ. ತಣ್ಣಗಾದರೆ ಮತ್ತೆ ಬಿಸಿ ಚೀಲ ಹಾಕಿ, ಜೋರು ಮಾಡಬೇಡಿ. ಉಳಿದ ಜಿಗುಟನ್ನು ಥಿನ್ನರ್ ಹಾಕಿದ ಬಟ್ಟೆಯಿಂದ ಒರೆಸಿ. ಕಿಟಕಿ ತೆರೆದಿರಲಿ, ಒಲೆ, ದೀಪ ಆರಿಸಿರಲಿ, ಕೈಗೆ ಗ್ಲೌಸ್ ಇರಲಿ. ಬಟ್ಟೆ ಆಗಾಗ ಬದಲಿಸಿ. ಕೊಳೆ ಬಟ್ಟೆಯಲ್ಲೇ ಉಜ್ಜಿದರೆ ಅಂಟು ಪಕ್ಕದ ಕಲ್ಲಿಗೂ ಹರಡುತ್ತದೆ, ಅಷ್ಟೇ.

ಇಲ್ಲೇ ಜನರಿಗೆ ತಾಳ್ಮೆ ತಪ್ಪುತ್ತದೆ, ಬಾತ್‌ರೂಮ್ ಆ್ಯಸಿಡ್ ಬಾಟಲಿ ಕೈಗೆ ಬರುತ್ತದೆ. ಶಹಾಬಾದ್ ಅಂದರೆ ಸುಣ್ಣದ ಕಲ್ಲು, ಆ್ಯಸಿಡ್ ಅದನ್ನು ತಿಂದುಹಾಕುತ್ತದೆ. ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳು ನಡೆಯುವುದೂ ಸುಣ್ಣದ ಕಲ್ಲಿನ ಮೇಲೆಯೇ. ನಂಬಿಕೆ ಬರದಿದ್ದರೆ ಒಡೆದ ಚೂರಿನ ಮೇಲೆ ನಿಂಬೆರಸದ ಹನಿ ಬಿಟ್ಟು ನೋಡಿ. ಸಣ್ಣಗೆ ನೊರೆ ಏಳುತ್ತದೆ, ಒರೆಸಿದ ಜಾಗ ಮಂಕಾಗಿರುತ್ತದೆ. ನಿಂಬೆಗೇ ಹೀಗಾದರೆ ಆ್ಯಸಿಡ್ ಏನು ಮಾಡೀತು! ‘ಟೈಲ್ಸ್ ಕ್ಲೀನರ್’ ಅಂತ ಮಾರುವ ಎಷ್ಟೋ ಬಾಟಲಿಗಳಲ್ಲಿ ಇರುವುದೂ ಅದೇ. ಲೇಬಲ್ ಓದದೆ ತರಬೇಡಿ.

ಈಗ ಕಲ್ಲುಗಳನ್ನು ಬಡಿದು ನೋಡಿ. ಟೊಳ್ಳು ಸದ್ದು ಬಂದದ್ದನ್ನು ಎತ್ತಿಸಿ ಗಾರೆಯಲ್ಲಿ ಮತ್ತೆ ಕೂರಿಸಿ. ಸಂದು ಕೆರೆದು ಸಿಮೆಂಟ್ ತುಂಬಿಸಿ. ಒಂದು ವಾರ ನೀರುಣಿಸಿ, ಗಟ್ಟಿಯಾಗಲಿ.

ಪಾಲಿಷ್ ಮಷಿನ್‌ನವರು ಬಂದಾಗ ಪಕ್ಕದಲ್ಲೇ ನಿಲ್ಲಿ. ನೀರು ಹಾಕುತ್ತಾ ಮಷಿನ್ನಿನ ಉಜ್ಜುವ ಕಲ್ಲನ್ನು 60, 120, 220, 400 ನಂಬರ್ ಅಂತ ಕ್ರಮವಾಗಿ ಬದಲಿಸಬೇಕು. ನಂಬರ್ ಹೆಚ್ಚಿದಷ್ಟೂ ಕಲ್ಲು ನಯ. ನೆಲ ಸಮ ಇದ್ದರೆ 120ರಿಂದ ಶುರುಮಾಡಿದರೂ ಸಾಕು. 60 ಆದಮೇಲೆ ಸೀದಾ 400ಕ್ಕೆ ಹಾರುವವರಿದ್ದಾರೆ. ಒದ್ದೆ ಇದ್ದಾಗ ಏನೂ ಕಾಣುವುದಿಲ್ಲ. ಒಣಗಿದ ಮೇಲೆ, ಸಂಜೆಯ ಓರೆ ಬಿಸಿಲು ಬಿದ್ದಾಗ, ಸುತ್ತು ಸುತ್ತಾದ ಗೀರುಗಳು ಎದ್ದು ಕಾಣುತ್ತವೆ. ಕೆಸರನ್ನು ಬಕೆಟ್ಟಿಗೆ ತುಂಬಿಸಿ ಹೊರಗೆ ಹಾಕಿಸಿ. ಮೋರಿಗೆ ಬಿಟ್ಟರೆ ಪೈಪಿನಲ್ಲಿ ಕೂತುಬಿಡುತ್ತದೆ.

ಕೊನೆಗೆ ಹೊಳಪಿಗೆ ಲ್ಯಾಕರ್ ಪದರ ಬಳಿಯೋಣ ಅಂತಾರೆ. ಬೇಡವೇ ಬೇಡ. ಮಳೆಗಾಲದಲ್ಲಿ ನೆಲದ ತೇವ ಮೇಲೆ ಬರುತ್ತದೆ, ದಾರಿ ಸಿಗದೆ ಆ ಪದರವನ್ನೇ ಎಬ್ಬಿಸುತ್ತದೆ. ಎಣ್ಣೆ ಸವರಿದರೆ ಧೂಳು ಹಿಡಿಯುತ್ತದೆ. ಬರೀ ನೀರಲ್ಲಿ ಒರೆಸಿ. ಹುಣಸೆ, ಮೊಸರು, ನಿಂಬೆ ಚೆಲ್ಲಿದರೆ ಮಾತ್ರ ತಡಮಾಡದೆ ತೊಳೆಯಿರಿ.