‘ಒಬ್ಬ ಮಹಿಳೆಯಿಂದ’ ಎಂದಷ್ಟೇ ಇದ್ದರೆ: ಆರಂಭಕಾಲದ ಅಮೆರಿಕದ ಲೇಖಕಿಯನ್ನು ಪತ್ತೆ ಹಚ್ಚುವ ಬಗೆ

1820ಕ್ಕೆ ಮೊದಲು ಅಮೆರಿಕದಲ್ಲಿ ಅಚ್ಚಾದ ಹೆಂಗಸರ ಪುಸ್ತಕಗಳಲ್ಲಿ ಬರೆದವಳ ಹೆಸರೇ ಇಲ್ಲದಿರುವುದು ಸಾಮಾನ್ಯ. ಹ್ಯಾನಾ ಫಾಸ್ಟರ್ ಅವರ ‘ದಿ ಕೊಕೆಟ್’ 1797ರಲ್ಲಿ ಬಾಸ್ಟನ್ನಿನಲ್ಲಿ ಬಂದಾಗ ಅದರ ಮೇಲಿದ್ದದ್ದು ‘ಮ್ಯಾಸಚೂಸೆಟ್ಸಿನ ಒಬ್ಬ ಮಹಿಳೆಯಿಂದ’ ಎಂಬ ಸಾಲು ಮಾತ್ರ. ಫಾಸ್ಟರ್ ಹೆಸರು ಟೈಟಲ್ ಪೇಜಿಗೆ ಬಂದದ್ದು 1866ರಲ್ಲಿ, ಅವರು ತೀರಿಕೊಂಡು 26 ವರ್ಷ ಕಳೆದ ಮೇಲೆ. ಹಾಗಾಗಿ ಪುಸ್ತಕದ ಒಳಗೆ ತಡಕುವುದಕ್ಕಿಂತ, ಅದರ ಸುತ್ತ ಹುಟ್ಟಿಕೊಂಡ ಜಾಹೀರಾತು, ಚಂದಾದಾರರ (ಅಚ್ಚಿಗೆ ಮೊದಲೇ ಪ್ರತಿ ಕೊಳ್ಳಲು ಹೆಸರು ಕೊಟ್ಟವರ) ಪಟ್ಟಿ, ಕಾಪಿರೈಟ್ ದಾಖಲೆ, ಪತ್ರಗಳನ್ನು ಹುಡುಕಿದರೆ ಕೆಲಸ ಬೇಗ ಆಗುತ್ತದೆ.

ಆದರೂ ಮೊದಲು ಟೈಟಲ್ ಪೇಜನ್ನು ಸಾಲು ಸಾಲಾಗಿ, ಚಿಹ್ನೆಗಳ ಸಮೇತ ನಕಲು ಮಾಡಿಕೊಳ್ಳಿ. ಕೆಳಗಿನ ಮುದ್ರಣ ವಿವರದಲ್ಲಿ ‘ಇವರಿಂದ ಅಚ್ಚಾದದ್ದು’ ಬೇರೆ, ‘ಇವರಿಗಾಗಿ ಅಚ್ಚಾದದ್ದು’ ಬೇರೆ. ಮೊದಲನೆಯವರದು ಕೂಲಿ ಕೆಲಸ, ಎರಡನೆಯವರದು ದುಡ್ಡು. ‘ಲೇಖಕರಿಗಾಗಿ’ ಎಂದಿದ್ದರೆ ಖರ್ಚು, ನಷ್ಟದ ಹೊಣೆ ಎರಡೂ ಬರೆದವರ ತಲೆಯ ಮೇಲೆ. ಅಂಥವರ ಪತ್ರಗಳಲ್ಲಿ ಹಣದ ಮಾತು ಬಂದೇ ಬರುತ್ತದೆ. ಗಂಡಸಿನ ಹೆಸರು ಕಂಡ ಮಾತ್ರಕ್ಕೆ ಅಚ್ಚುಕೂಟ ಗಂಡಸಿನದೇ ಎಂದುಕೊಳ್ಳಬೇಡಿ. ಚಾರ್ಲ್ಸ್‌ಟನ್ನಿನಲ್ಲಿ ಎಲಿಜಬೆತ್ ಟಿಮೊಥಿ 1739ರಿಂದ ‘ಸೌತ್ ಕೆರೊಲಿನಾ ಗೆಜೆಟ್’ ನಡೆಸಿದ್ದು ಇನ್ನೂ ಹುಡುಗನಾಗಿದ್ದ ಮಗ ಪೀಟರನ ಹೆಸರಿನಲ್ಲಿ. ಬಾಲ್ಟಿಮೋರಿನ ಮುದ್ರಕಿ ಮೇರಿ ಕ್ಯಾಥರೀನ್ ಗೊಡಾರ್ಡ್ ಬಹಳಷ್ಟು ಕಡೆ ಬರೀ ‘ಎಂ. ಕೆ. ಗೊಡಾರ್ಡ್’.

ಮುನ್ನುಡಿಯನ್ನೂ ಎಚ್ಚರದಿಂದ ಓದಬೇಕು. ಆನ್ ಬ್ರ್ಯಾಡ್‌ಸ್ಟ್ರೀಟ್ ಅವರ ಕವನಗಳನ್ನು 1650ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ್ದು ತಂಗಿಯ ಗಂಡ ಜಾನ್ ವುಡ್‌ಬ್ರಿಜ್. ಕವಯಿತ್ರಿಗೆ ಗೊತ್ತಿಲ್ಲದೆ ತಂದಿದ್ದೇವೆ ಎಂದು ಮುನ್ನುಡಿ ಹೇಳುತ್ತದೆ. ಹೆಣ್ಣು ತಾನಾಗಿ ಅಚ್ಚಿಗೆ ಕೊಟ್ಟಳೆಂದರೆ ಮರ್ಯಾದೆಗೆ ಕುಂದು ಎಂಬ ಕಾಲ ಅದು. ಈ ಮಾತನ್ನು ಅಕ್ಷರಶಃ ನಂಬಲೂ ಬೇಡಿ, ಸುಳ್ಳೆಂದು ತಳ್ಳಲೂ ಬೇಡಿ. ಅವರೇ ತಿದ್ದಿದ ಪಾಠ 1678ರಲ್ಲಿ ಬಾಸ್ಟನ್ನಿನಲ್ಲಿ ಬೇರೆ ಶೀರ್ಷಿಕೆಯಲ್ಲಿ ಬಂತು. ಆಗ ಅವರು ತೀರಿಹೋಗಿ ಆರು ವರ್ಷ. ಮೇರಿ ರೋಲಂಡ್ಸನ್ ಅವರ ಸೆರೆವಾಸದ ಕಥನಕ್ಕೂ 1682ರ ಅಮೆರಿಕದ ಮುದ್ರಣದಲ್ಲಿ ಒಂದು ಶೀರ್ಷಿಕೆ, ಅದೇ ವರ್ಷದ ಲಂಡನ್ ಮುದ್ರಣದಲ್ಲಿ ಇನ್ನೊಂದು. ಒಂದೇ ಶೀರ್ಷಿಕೆ ಹಿಡಿದು ಹುಡುಕಿದರೆ ಅರ್ಧ ಪ್ರತಿಗಳು ಕೈತಪ್ಪುತ್ತವೆ.

ಗುಪ್ತನಾಮದ ವಿಷಯಕ್ಕೆ ಬಂದರೆ, ವಚನದ ಅಂಕಿತದಂತೆ ಅದು ಒಬ್ಬರಿಗೇ ಮೀಸಲು ಎಂದು ಭಾವಿಸುವುದೇ ಮೊದಲ ತಪ್ಪು. ಜುಡಿತ್ ಸಾರ್ಜೆಂಟ್ ಮರ್ರಿ ‘ಕಾನ್‌ಸ್ಟಾನ್ಶಿಯಾ’ ಎಂಬ ಹೆಸರಲ್ಲಿ 1790ರ ಮಾರ್ಚ್ ಮತ್ತು ಏಪ್ರಿಲ್‌ನ ‘ಮ್ಯಾಸಚೂಸೆಟ್ಸ್ ಮ್ಯಾಗಜೀನ್’ನಲ್ಲಿ ಗಂಡು ಹೆಣ್ಣಿನ ಸಮಾನತೆಯ ಪ್ರಬಂಧ ಬರೆದರು. ಅದೇ ಪತ್ರಿಕೆಗೆ ಸಾರಾ ವೆಂಟ್‌ವರ್ತ್ ಮಾರ್ಟನ್ ಕೂಡ ಅದೇ ಹೆಸರಲ್ಲಿ ಕವನ ಕಳಿಸುತ್ತಿದ್ದರು. ಗೊಂದಲವಾದ ಮೇಲೆ ಮಾರ್ಟನ್ ‘ಫಿಲೇನಿಯಾ’ ಆದರು. ಹಾಗಾಗಿ ಗುಪ್ತನಾಮದ ಜೊತೆ ಪತ್ರಿಕೆ, ತಿಂಗಳು, ಊರು ಮೂರನ್ನೂ ಬರೆದಿಟ್ಟುಕೊಳ್ಳಿ. ತಪ್ಪು ಉಲ್ಟಾ ದಿಕ್ಕಿನಲ್ಲೂ ಆಗುತ್ತದೆ: 1789ರ ‘ದಿ ಪವರ್ ಆಫ್ ಸಿಂಪಥಿ’ ಕಾದಂಬರಿಯನ್ನು 19ನೇ ಶತಮಾನದಲ್ಲಿ ಇದೇ ಮಾರ್ಟನ್ ತಲೆಗೆ ಕಟ್ಟಿದ್ದರು. ಬರೆದವನು ವಿಲಿಯಂ ಹಿಲ್ ಬ್ರೌನ್. ಕಥೆಯಲ್ಲಿ ಮಾರ್ಟನ್ ಮನೆತನದ ಹಗರಣದ ನೆರಳಿತ್ತು, ಅಷ್ಟೇ. ಕಥೆ ಯಾರ ಬಗ್ಗೆ ಎಂಬುದು ಯಾರು ಬರೆದರು ಎಂಬುದಕ್ಕೆ ಸಾಕ್ಷಿಯಲ್ಲ.

ಇನ್ನು ಪತ್ರಿಕೆಗಳ ಜಾಹೀರಾತು. ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೇ. ಅಚ್ಚಿಗೆ ಮೊದಲು ‘ಪ್ರಸ್ತಾವ’ ಎಂಬ ತಲೆಬರಹದಲ್ಲಿ ಪುಟ, ಬೆಲೆ, ಕಟ್ಟು, ಎಷ್ಟು ಚಂದಾ ಬಂದರೆ ಅಚ್ಚು ಎಂಬ ಷರತ್ತು ಎಲ್ಲ ಪ್ರಕಟವಾಗುತ್ತಿತ್ತು. ಗುಲಾಮಗಿರಿಯಲ್ಲಿದ್ದ ಫಿಲಿಸ್ ವ್ಹೀಟ್ಲಿ ಅವರ ಕವನಗಳಿಗೆ 1772ರಲ್ಲಿ ಬಾಸ್ಟನ್ನಿನಲ್ಲಿ ಬಂದ ಪ್ರಸ್ತಾವವನ್ನೇ ನೋಡಿ: ಸುಮಾರು 200 ಪುಟ, ಚೆನ್ನಾಗಿ ಕಟ್ಟಿದ ಪ್ರತಿಗೆ ನಾಲ್ಕು ಶಿಲಿಂಗ್, ನೀಲಿ ಕಾಗದದಲ್ಲಿ ಹೊಲಿದದ್ದಕ್ಕೆ ಮೂರು, 300 ಪ್ರತಿಗೆ ಚಂದಾ ಬಂದ ಕೂಡಲೇ ಅಚ್ಚು. ಜೊತೆಗೆ 28 ಕವನಗಳ ಶೀರ್ಷಿಕೆ. ಚಂದಾ ಕೂಡಲಿಲ್ಲ. ಪುಸ್ತಕ 1773ರಲ್ಲಿ ಲಂಡನ್ನಿನಲ್ಲಿ, ಇದನ್ನು ಬರೆದದ್ದು ಈಕೆಯೇ ಎಂದು ಬಾಸ್ಟನ್ನಿನ 18 ಗಣ್ಯರು ಹೆಸರು ಹಾಕಿಕೊಟ್ಟ ಪ್ರಮಾಣಪತ್ರದ ಸಮೇತ ಬಂತು. ಪ್ರಸ್ತಾವದ 28 ಶೀರ್ಷಿಕೆಗಳನ್ನು ಪುಸ್ತಕದ ಪರಿವಿಡಿಯ ಪಕ್ಕ ಇಟ್ಟು ಒಂದೊಂದಾಗಿ ಗುರುತು ಹಾಕಿದರೆ ಯಾವುದು ಉದುರಿತು, ಯಾವುದು ಹೊಸದಾಗಿ ಸೇರಿತು ಎಂಬುದು ಒಂದು ಮಧ್ಯಾಹ್ನದ ಕೆಲಸದಲ್ಲಿ ಸಿಗುತ್ತದೆ.

ಎಡವುವುದು ಎಲ್ಲಿ ಎಂದರೆ, ಜಾಹೀರಾತು ಇದ್ದಮಾತ್ರಕ್ಕೆ ಪುಸ್ತಕ ಇತ್ತೆಂದು ನಂಬುವುದರಲ್ಲಿ. ವ್ಹೀಟ್ಲಿ 1779ರಲ್ಲಿ ಎರಡನೇ ಸಂಪುಟಕ್ಕೂ ಪ್ರಸ್ತಾವ ಹಾಕಿದರು; ಅದು ಅಚ್ಚಾಗಲೇ ಇಲ್ಲ, ಹಸ್ತಪ್ರತಿಯೂ ಕಳೆದುಹೋಯಿತು. ಆರಂಭಕಾಲದ ಅಮೆರಿಕದ ಮುದ್ರಣಗಳನ್ನು ಪಟ್ಟಿ ಮಾಡಿದ ಚಾರ್ಲ್ಸ್ ಇವಾನ್ಸ್ ಅವರ ದೊಡ್ಡ ಗ್ರಂಥಸೂಚಿಯಲ್ಲಿ ಜಾಹೀರಾತನ್ನಷ್ಟೇ ನೋಡಿ ಸೇರಿಸಿದ, ಎಂದೂ ಇರದ ಪುಸ್ತಕಗಳ ನಮೂದುಗಳಿವೆ. ವೂಸ್ಟರಿನ ಅಮೆರಿಕನ್ ಆ್ಯಂಟಿಕ್ವೇರಿಯನ್ ಸೊಸೈಟಿ ಗ್ರಂಥಾಲಯದ ಕ್ಯಾಟಲಾಗಿನಲ್ಲೋ ಬೇರೆಲ್ಲೋ ಒಂದಾದರೂ ಪ್ರತಿ ಕಾಣುವ ತನಕ ‘ಪ್ರಕಟವಾಯಿತು’ ಎಂದು ಬರೆಯಬೇಡಿ. ವ್ಹೀಟ್ಲಿ 1778ರಲ್ಲಿ ಜಾನ್ ಪೀಟರ್ಸ್‌ರನ್ನು ಮದುವೆಯಾದ್ದರಿಂದ ಆಮೇಲಿನದನ್ನು ‘ಪೀಟರ್ಸ್’ ಎಂದೂ ಹುಡುಕಬೇಕು. ಮರ್ರಿಯವರಿಗೆ ಸಾರ್ಜೆಂಟ್, ಸ್ಟೀವನ್ಸ್, ಮರ್ರಿ ಎಂದು ಮೂರು ಹೆಸರು. ಮದುವೆಯಾದ ಹೆಣ್ಣಿಗೆ ತನ್ನ ಹೆಸರಲ್ಲಿ ಕರಾರು ಮಾಡುವ ಹಕ್ಕು ಇರಲಿಲ್ಲವಾದ್ದರಿಂದ ವ್ಯವಹಾರದ ಕಾಗದಗಳು ಗಂಡನ ಹೆಸರಿನಡಿ ಸಿಗುವುದೇ ಹೆಚ್ಚು.

ಸ್ಕ್ಯಾನ್ ಆದ ಪತ್ರಿಕೆಗಳಲ್ಲಿ ಪದ ಹುಡುಕುವಾಗ ಇನ್ನೊಂದು ಕಾಟ. 1800ರ ಆಸುಪಾಸಿನವರೆಗೆ ಪದದ ಮೊದಲಲ್ಲೂ ನಡುವೆಯೂ ಬರುವ ‘ಎಸ್’ ಅಕ್ಷರವನ್ನು ಉದ್ದಕ್ಕೆ, ಹೆಚ್ಚುಕಡಿಮೆ ‘ಎಫ್’ನಂತೆ ಅಚ್ಚು ಹಾಕುತ್ತಿದ್ದರು. ಯಂತ್ರ ಅದನ್ನು ‘ಎಫ್’ ಎಂದೇ ಓದುತ್ತದೆ. ಜಾಣತನದ ‘ವೈಸ್’ ಹೆಂಡತಿಯಾದ ‘ವೈಫ್’ ಆಗುತ್ತದೆ! ಹೆಂಗಸರ ಬಗ್ಗೆ ಹುಡುಕುವವರಿಗೆ ಇದಕ್ಕಿಂತ ಕೆಟ್ಟ ಪದ ಸಿಗಲಾರದು. ಎಸ್ ಇರುವ ಪ್ರತಿ ಪದವನ್ನೂ ಎರಡೂ ರೂಪದಲ್ಲಿ ಹುಡುಕಿ, ಸಿಕ್ಕಿದ್ದನ್ನು ಚಿತ್ರದಲ್ಲಿ ಕಣ್ಣಾರೆ ನೋಡಿ.

1790ರ ಮೇ 31ರ ಕಾಪಿರೈಟ್ ಕಾಯ್ದೆ ಒಂದು ವರವೇ ಸರಿ. ಶೀರ್ಷಿಕೆಯನ್ನು ತಾವಿರುವ ಜಿಲ್ಲೆಯ ಫೆಡರಲ್ ಕೋರ್ಟಿನ ಗುಮಾಸ್ತನಲ್ಲಿ 60 ಸೆಂಟ್ ಕೊಟ್ಟು ನೋಂದಾಯಿಸಬೇಕು, ಎರಡು ತಿಂಗಳೊಳಗೆ ಪತ್ರಿಕೆಯಲ್ಲಿ ನಾಲ್ಕು ವಾರ ಪ್ರಕಟಿಸಬೇಕು. ಹಕ್ಕು 14 ವರ್ಷ, ಲೇಖಕರು ಬದುಕಿದ್ದರೆ ಇನ್ನೊಂದು 14. ಆ ನಮೂದಿನಲ್ಲಿ ಹಕ್ಕು ಕೇಳಿದವರು ‘ಲೇಖಕ’ರಾಗಿಯೋ ‘ಒಡೆಯ’ರಾಗಿಯೋ ಎಂದು ಬರೆದಿರುತ್ತದೆ. ‘ಒಡೆಯ’ ಎಂದಿದ್ದರೆ ಅದು ಪ್ರಕಾಶಕನ ಹೆಸರಿರಬಹುದು, ಅವಸರ ಬೇಡ. ಎಲ್ಲರೂ ನೋಂದಾಯಿಸುತ್ತಲೂ ಇರಲಿಲ್ಲ. ಕಾಯ್ದೆಗೆ ಮೊದಲಿನ ಸ್ಥಿತಿ ಹ್ಯಾನಾ ಆಡಮ್ಸ್‌ರನ್ನು ನೋಡಿದರೆ ತಿಳಿಯುತ್ತದೆ: 1784ರ ಧರ್ಮಪಂಥಗಳ ಕೋಶಕ್ಕೆ ತಾವೇ 400ಕ್ಕೂ ಹೆಚ್ಚು ಚಂದಾದಾರರನ್ನು ಕೂಡಿಸಿದರೂ ಅವರ ಪಾಲಿಗೆ ಬಂದದ್ದು 50 ಪ್ರತಿ, ಅವನ್ನೂ ಅವರೇ ಮಾರಿಕೊಳ್ಳಬೇಕಾಯಿತು. 1791ರ ಎರಡನೇ ಮುದ್ರಣಕ್ಕೆ ಹೊಸ ಕಾಯ್ದೆಯ ರಕ್ಷಣೆ ಪಡೆದರು.

ಕೊನೆಗೆ ಕೈಬರಹ. ಮರ್ಸಿ ಓಟಿಸ್ ವಾರನ್ ಅವರ ‘ದಿ ಗ್ರೂಪ್’ ನಾಟಕ 1775ರಲ್ಲಿ ಹೆಸರಿಲ್ಲದೆ ಬಂದಿತ್ತು. ಅದು ಬೇರೊಬ್ಬರ ಹೆಸರಿಗೆ ಹೋಗುತ್ತಿದೆ ಎಂದು ತಿಳಿದಾಗ, 1814ರಲ್ಲಿ ಅವರ ಕೋರಿಕೆಯ ಮೇರೆಗೆ ಮಾಜಿ ಅಧ್ಯಕ್ಷ ಜಾನ್ ಆಡಮ್ಸ್ ಬಾಸ್ಟನ್ ಅಥೀನಿಯಂ ಗ್ರಂಥಾಲಯದ ಪ್ರತಿಯ ಮೇಲೆ ಇದು ವಾರನ್‌ರದೇ ಎಂದು ದೃಢೀಕರಿಸಿದರು. ಒಂದು ಪ್ರತಿಯ ಸ್ಕ್ಯಾನ್ ನೋಡಿ ನಿಲ್ಲಿಸಬಾರದು ಎನ್ನುವುದು ಇದಕ್ಕೇ. ಪತ್ರಗಳೋ ಊರು ಬಿಟ್ಟು ಊರಿಗೆ ಹೋಗಿರುತ್ತವೆ. ಬಾಸ್ಟನ್ನಿನ ಮರ್ರಿಯವರ ಪತ್ರಗಳ ನಕಲು ಪುಸ್ತಕಗಳು 1984ರಲ್ಲಿ ಸಿಕ್ಕಿದ್ದು ಮಿಸಿಸಿಪ್ಪಿಯ ನ್ಯಾಚೆಜ್‌ನಲ್ಲಿ, ಅವರು ಕೊನೆಗಾಲದಲ್ಲಿ ಮಗಳ ಜೊತೆಗಿದ್ದ ಊರಿನಲ್ಲಿ.

ಕ್ಯಾಟಲಾಗಿನಲ್ಲಿ ಲೇಖಕಿಯ ಹೆಸರು ಚೌಕ ಆವರಣದೊಳಗಿದ್ದರೆ ಅದು ಪುಸ್ತಕದಲ್ಲಿಲ್ಲ, ಗ್ರಂಥಪಾಲಕರು ಸೇರಿಸಿದ್ದು ಎಂದರ್ಥ. ನಿಮ್ಮ ಟಿಪ್ಪಣಿಯಲ್ಲೂ ಆ ಆವರಣವನ್ನು ಉಳಿಸಿಕೊಳ್ಳಿ, ಪಕ್ಕದಲ್ಲಿ ಯಾವ ಸಾಕ್ಷಿಯ ಮೇಲೆ ಎಂದು ಬರೆಯಿರಿ. ಪರಸ್ಪರ ನಕಲಾಗಿರದ ಎರಡು ಸಾಕ್ಷಿ ಸಿಕ್ಕ ಮೇಲೆ ಆವರಣ ತೆಗೆದರಾಯಿತು.