ಮಳೆಯಲ್ಲೂ ಕಾಲು ಜಾರದ ಪೆಡಲ್: ನನ್ನ ಅನುಭವ

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಸೈಕಲ್ ಹೊಡೆದವರಿಗೆ ಗೊತ್ತಿರುತ್ತದೆ, ಟೈರ್ ಜಾರುವ ಮೊದಲು ಕಾಲು ಜಾರುತ್ತದೆ. ನನಗೆ ಹಾಗಾದದ್ದು ಕೆಲಗೇರಿ ಕೆರೆಯ ಹತ್ತಿರ, ಜುಲೈ ತಿಂಗಳ ಒಂದು ಬೆಳಿಗ್ಗೆ. ಏರು ಬಂತು ಅಂತ ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದೆ. ಬಲಗಾಲು ಸರಕ್ಕನೆ ಜಾರಿತು, ಪೆಡಲ್ ಗರ್ರನೆ ತಿರುಗಿ ಬಂದು ಕಣಕಾಲಿಗೆ ಬಡಿಯಿತು. ಎರಡು ಹೊಲಿಗೆ ಬಿದ್ದವು. ಸೈಕಲ್ಲಿನ ಜೊತೆಗೇ ಬಂದಿದ್ದ ಪೆಡಲ್ ಅದು. ಬರೀ ಪ್ಲಾಸ್ಟಿಕ್, ಅಂಚಿಗೆ ಸಣ್ಣ ಹಲ್ಲು, ಆ ಹಲ್ಲುಗಳೂ ಒಂದು ವರ್ಷದಲ್ಲಿ ಸವೆದು ನುಣ್ಣಗಾಗಿದ್ದವು.

ನನ್ನ ಓಡಾಟ ಹೇಳಿಬಿಡುತ್ತೇನೆ, ಯಾಕೆಂದರೆ ಪೆಡಲ್ ಆರಿಸುವಾಗ ಅದೇ ಮುಖ್ಯ. ವಾರಕ್ಕೆ ಮೂರು ದಿನ ಸಪ್ತಾಪುರದಿಂದ ಹುಬ್ಬಳ್ಳಿಗೆ ಕೆಲಸಕ್ಕೆ, ಚಿಗರಿ ಬಸ್ಸು ಓಡುವ ದೊಡ್ಡ ರಸ್ತೆಯ ಪಕ್ಕದಲ್ಲೇ. ಭಾನುವಾರ ನುಗ್ಗಿಕೇರಿ ಕಡೆ ಇಲ್ಲಾ ಇನ್ನಾವುದೋ ಮಣ್ಣಿನ ದಾರಿ. ಶೂಗೆ ಕ್ಲಿಪ್ ಕಚ್ಚುವ ಪೆಡಲ್ ಹಾಕಿಸು ಅಂತ ಗೆಳೆಯರು ಹೇಳಿದರು. ಆದರೆ ಪ್ರತಿ ಸಿಗ್ನಲ್ಲಿಗೂ ಕಾಲು ಕೆಳಗಿಡಬೇಕು, ಎದುರಿಗೆ ಎಮ್ಮೆ ಬಂದರೂ ಇಡಬೇಕು. ಆ ಪೆಡಲ್ಲಿಗೆ ಅದರದೇ ಶೂ ಬೇರೆ ಬೇಕು. ನನಗೆ ಬೇಕಾಗಿದ್ದು ಯಾವ ಶೂ ಹಾಕಿದರೂ ತುಳಿಯಬಹುದಾದ ಚಪ್ಪಟೆ ಪೆಡಲ್, ಕಾಲು ಹಿಡಿದಿಡುವಂಥದ್ದು, 1,500 ರೂಪಾಯಿಯ ಒಳಗೆ.

ಮೊದಲ ಸಲ ತಪ್ಪು ಮಾಡಿದೆ. 700 ರೂಪಾಯಿಗೆ ಮಿರಮಿರ ಮಿಂಚುವ ಅಲ್ಯೂಮಿನಿಯಂ ಪೆಡಲ್ ತಂದೆ. ಶೂ ತಳವನ್ನು ಕಚ್ಚಲು ಮೇಲೆ ಚಾಚಿರುವ ಸಣ್ಣ ಮೊಳೆಗಳು, ಅಂದರೆ ಪಿನ್, ಇದ್ದವು ನಿಜ, ಆದರೆ ಗಿಡ್ಡ ಪಿನ್, ಪೆಡಲ್ಲಿನ ನಡುಭಾಗ ಅವಕ್ಕಿಂತ ಎತ್ತರಕ್ಕೆ ಉಬ್ಬಿಕೊಂಡಿತ್ತು. ಪೆಡಲ್ ಯಾವುದರ ಸುತ್ತ ತಿರುಗುತ್ತದೋ ಆ ಒಳಗಿನ ಅಚ್ಚು ದಪ್ಪ ಇದ್ದರೆ ಹೀಗಾಗುತ್ತದೆ. ಕಾಲು ಆ ಉಬ್ಬಿನ ಮೇಲೆ ಕೂರುತ್ತದೆ, ಪಿನ್ನಿಗೆ ಭಾರವೇ ಬೀಳುವುದಿಲ್ಲ. ನೆಲದ ಮೇಲೆ ಒಂದು ಚೆಂಡು ಇಟ್ಟು ಅದರ ಮೇಲೆ ನಿಂತ ಹಾಗೆ. ಒಣ ರಸ್ತೆಯಲ್ಲಿ ಏನೂ ಗೊತ್ತಾಗಲಿಲ್ಲ, ಮೊದಲ ಮಳೆಗೇ ಗೊತ್ತಾಯಿತು.

ಎರಡನೇ ಸಲ ಅಂಗಡಿಗೆ ಹೋಗುವಾಗ ಮಗಳ ಕಂಪಾಸಿನಿಂದ ಸ್ಟೀಲಿನ ಪಟ್ಟಿ ತೆಗೆದುಕೊಂಡು ಹೋದೆ. ಪೆಡಲ್ಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಪಟ್ಟಿ ಅಡ್ಡ ಇಟ್ಟು ನೋಡುವುದು. ಪಟ್ಟಿಯ ಕೆಳಗೆ ನಡುವೆ ಬೆಳಕು ಕಂಡರೆ ಪೆಡಲ್ ಒಳಕ್ಕೆ ತಗ್ಗಿದೆ ಅಂತ ಅರ್ಥ. ಒಂದೆರಡು ಮಿಲಿಮೀಟರ್ ತಗ್ಗಿದ್ದರೂ ಸಾಕು, ಪಾದ ಆ ತಗ್ಗಿನಲ್ಲಿ ಕೂತು ಅಂಚಿನ ಪಿನ್‌ಗಳು ಶೂವನ್ನು ಕಚ್ಚುತ್ತವೆ. ಪಟ್ಟಿ ನಡುವೆ ತಾಗಿ ಆ ಕಡೆ ಈ ಕಡೆ ತೂಗಾಡಿದರೆ ಆ ಪೆಡಲ್ ಬೇಡ.

ಅಂಗಡಿಯವರು ನೋಡುತ್ತಲೇ ಇದ್ದರು. "ಏನ್ರೀ ಸರ, ಪಟ್ಟಿ ಹಿಡಕೊಂಡು ಏನ್ ಅಳಿಯಾಕ ಹತ್ತೀರಿ?" ಅಂದರು. ತೋರಿಸಿದೆ. ಅವರೇ ಪಟ್ಟಿ ಇಸಿದುಕೊಂಡು ನಾಲ್ಕು ಜೋಡಿಯ ಮೇಲೆ ಇಟ್ಟು ನೋಡಿ, "ತಡೀರಿ, ಒಳಗ ಇನ್ನೊಂದು ಐತಿ" ಅಂತ ಹೋಗಿ ಧೂಳು ಹಿಡಿದ ಡಬ್ಬಿ ತಂದರು. ನೈಲಾನಿನ ಪೆಡಲ್, 1,350 ರೂಪಾಯಿ. ಅದೇ ಈಗ ನನ್ನ ಸೈಕಲ್ಲಿನಲ್ಲಿರುವುದು.

ನೈಲಾನ್ ಅಂದ ತಕ್ಷಣ ಅಗ್ಗದ ಪ್ಲಾಸ್ಟಿಕ್ ಅಂತ ತಳ್ಳಿಹಾಕಬೇಡಿ. ಈ ಬೆಲೆಯಲ್ಲಿ ಅಲ್ಯೂಮಿನಿಯಂಗಿಂತ ಇದೇ ವಾಸಿ ಅಂತ ನನ್ನ ಅಭಿಪ್ರಾಯ. ಕಲ್ಲಿಗೆ ತಾಗಿದರೆ ಗಕ್ಕನೆ ಸಿಕ್ಕಿಕೊಳ್ಳದೆ ಸವರಿಕೊಂಡು ಮುಂದೆ ಹೋಗುತ್ತದೆ. ಅಚ್ಚು ಉಕ್ಕಿನದೇ ಇರುತ್ತದೆ. ರೇಸ್ ಫೇಸ್ ಕಂಪನಿಯ ಹೆಸರುವಾಸಿ ಚೆಸ್ಟರ್ ಪೆಡಲ್ ಕೂಡ ನೈಲಾನಿನದೇ, ಆದರೆ ಅದು ನನ್ನ ಬಜೆಟ್ಟಿನಲ್ಲಿ ಇರಲಿಲ್ಲ. ಒಂದೇ ಎಚ್ಚರಿಕೆ: ಪಿನ್ ಕೂಡ ನೈಲಾನಿನಲ್ಲೇ ಎರಕ ಹೊಯ್ದಿದ್ದರೆ ಬೇಡ, ಅವು ಸವೆದರೆ ಮುಗಿಯಿತು. ಲೋಹದ ಪಿನ್ ಇರಬೇಕು, ಬಿಚ್ಚಿ ಬೇರೆ ಹಾಕುವ ಹಾಗಿರಬೇಕು. ಒಂದು ಮಗ್ಗುಲಿಗೆ ಎಂಟೋ ಹತ್ತೋ ಇದ್ದರೆ ಧಾರಾಳ. ಎಷ್ಟಿವೆ ಅನ್ನುವುದಕ್ಕಿಂತ ಎಲ್ಲಿವೆ ಅನ್ನುವುದು ಮುಖ್ಯ, ಮುಂದಿನ ಅಂಚು, ಹಿಂದಿನ ಅಂಚು, ನಾಲ್ಕು ಮೂಲೆ. ಅಗಲವೂ ನೋಡಿ. ನನ್ನದು ಹೆಚ್ಚು ಕಡಿಮೆ 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, 9 ನಂಬರ್ ಶೂಗೆ ಸರಿಯಾಗಿದೆ.

ಕೊಳ್ಳುವ ಮೊದಲು ಅಚ್ಚು ಹಿಡಿದು ಕೈಯಲ್ಲೇ ತಿರುಗಿಸಿ. ಹೊಸ ಪೆಡಲ್ ಸ್ವಲ್ಪ ಬಿಗಿ ಇದ್ದರೆ ಒಳ್ಳೆಯದೇ, ಗ್ರೀಸ್ ತುಂಬಿದೆ ಅಂತ. ಗರಗರ ಅಂದರೆ, ಅಥವಾ ಅಲುಗಾಡಿಸಿದಾಗ ಲಟಲಟ ಅಂದರೆ ವಾಪಸ್ ಇಡಿ.

ಹಾಕುವಾಗಿನ ಕಥೆ ಬೇರೆ. ಆ 700 ರೂಪಾಯಿಯ ಜೋಡಿಯನ್ನು ನಾನು ಒಂದು ಸೈಕಲ್ ಅಂಗಡಿಯಲ್ಲೇ ಹಾಕಿಸಿದ್ದೆ. ಅಲ್ಲಿನ ಹುಡುಗ ಎಡ ಬಲ ನೋಡದೆ ತಿರುಚಿ, ಎಡಗಡೆಯ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಮರೆ, ಅಂದರೆ ಸ್ಕ್ರೂ ಸುತ್ತು, ಕೆಡಿಸಿಬಿಟ್ಟ. ಹೊಸ ಕ್ರ್ಯಾಂಕಿಗೆ ಪೆಡಲ್ಲಿಗಿಂತ ಜಾಸ್ತಿ ದುಡ್ಡು ಹೋಯಿತು. ಹಾಗಾಗಿ ಈಗ ನಾನೇ ಹಾಕುತ್ತೇನೆ. ಎಡಗಡೆ ಪೆಡಲ್ಲಿಗೆ ಉಲ್ಟಾ ಮರೆ ಇರುತ್ತದೆ, ತುಳಿದು ತುಳಿದು ತಾನಾಗಿ ಬಿಚ್ಚಿಕೊಳ್ಳಬಾರದು ಅಂತ. ಅಚ್ಚಿನ ತುದಿಯಲ್ಲಿ ಎಲ್, ಆರ್ ಅಂತ ಅಕ್ಷರ ಕೊರೆದಿರುತ್ತಾರೆ. ಗೊಂದಲವಾದರೆ ಇಷ್ಟು ನೆನಪಿಡಿ: ಯಾವ ಕಡೆಯದೇ ಆಗಲಿ, ಪಾನಾದ ಮೇಲ್ತುದಿಯನ್ನು ಮುಂದಿನ ಗಾಲಿಯ ಕಡೆ ತಳ್ಳಿದರೆ ಬಿಗಿ, ಹಿಂದಿನ ಗಾಲಿಯ ಕಡೆ ಎಳೆದರೆ ಸಡಿಲ. 15 ನಂಬರ್ ಪಾನಾ ಬೇಕು, ಕೆಲವಕ್ಕೆ ಕ್ರ್ಯಾಂಕಿನ ಹಿಂದುಗಡೆಯಿಂದ 6 ಅಥವಾ 8ರ ಎಲ್ಲನ್ ಕೀ (ಆರು ಮೂಲೆಯ ಕೀ). ಮರೆಗೆ ಗ್ರೀಸ್ ಸವರಿ ಮೊದಲ ಮೂರ್ನಾಲ್ಕು ಸುತ್ತು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ಬರಲಿಲ್ಲವೋ, ಪಾನಾ ಹಾಕಲೇಬೇಡಿ, ಬಿಚ್ಚಿ ಮತ್ತೆ ನೇರ ಹಿಡಿದು ಶುರು ಮಾಡಿ. ಸಾಮಾನ್ಯ ಸೈಕಲ್ಲಿನ ಅಚ್ಚು 9/16 ಇಂಚು. ಕ್ರ್ಯಾಂಕು ಎಡದಿಂದ ಬಲಕ್ಕೆ ಒಂದೇ ಬಗ್ಗಿಸಿದ ಸರಳಿನಂತಿರುವ ಮಕ್ಕಳ ಸೈಕಲ್ಲುಗಳಿಗೆ ಅರ್ಧ ಇಂಚು, ಅವಕ್ಕೆ ಇದು ಕೂರುವುದಿಲ್ಲ.

ಪಿನ್ ವಿಷಯಕ್ಕೆ ಮತ್ತೆ ಬರುತ್ತೇನೆ. ಡಬ್ಬಿಯಲ್ಲಿ ಬಂದ ಪಿನ್ ಸ್ವಲ್ಪ ಗಿಡ್ಡ ಅನ್ನಿಸಿತು. ಬಿಚ್ಚಿ ನೋಡಿದರೆ ಸಾದಾ 4 ಮಿಲಿಮೀಟರ್ ದಪ್ಪದ ತಲೆಯಿಲ್ಲದ ಸ್ಕ್ರೂ, 2ರ ಎಲ್ಲನ್ ಕೀಗೆ ಬಿಚ್ಚಿ ಬರುತ್ತದೆ. ಗ್ರಬ್ ಸ್ಕ್ರೂ ಅಂತ ಕೇಳಿದರೆ ಗೋಕುಲ ರೋಡಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿತು, ಹಳೆಯದಕ್ಕಿಂತ ಎರಡು ಮಿಲಿಮೀಟರ್ ಹೆಚ್ಚು ಉದ್ದದ್ದೇ ತಂದೆ, ಎಲ್ಲಾ ಸೇರಿ ನೂರು ರೂಪಾಯಿಯೂ ಆಗಲಿಲ್ಲ. ಮೂಲೆಯ ನಾಲ್ಕಕ್ಕೆ ಮಾತ್ರ ಉದ್ದದ್ದು ಹಾಕಿದೆ. ಮರುದಿನ ಒದ್ದೆ ರಸ್ತೆಯಲ್ಲೇ ಹೋದೆ. ಪೆಡಲ್ ಮೇಲೆ ಪಾದ ಹೊರಳಿಸಬೇಕಾದರೆ ಎತ್ತಿಯೇ ಇಡಬೇಕಾಯಿತು, ಅಷ್ಟು ಕಚ್ಚಿ ಹಿಡಿಯುತ್ತದೆ. ಆದರೆ ಈ ಪಿನ್ ಕಣಕಾಲಿಗೆ ತಾಗಿದರೆ ಚರ್ಮ ಕಿತ್ತು ಬರುತ್ತದೆ, ಸುಮ್ನೆ ಹೇಳುತ್ತಿಲ್ಲ. ಸೈಕಲ್ ತಳ್ಳಿಕೊಂಡು ನಡೆಯುವಾಗಲೇ ಜಾಸ್ತಿ ತಾಗುವುದು, ಜೋಪಾನ.

ಶೂ ಸರಿಯಿಲ್ಲದಿದ್ದರೆ ಇದೆಲ್ಲಾ ಅರ್ಧ ಕೆಲಸ. ಓಡುವ ಶೂಗಳ ತಳದಲ್ಲಿ ಆಳವಾದ ಗೆರೆ, ಉಬ್ಬು ಇರುತ್ತವಲ್ವಾ, ಪಿನ್ ಆ ಸಂದಿಗೆ ಬಿದ್ದರೆ ಹಿಡಿತ ಸಿಗುವುದಿಲ್ಲ. ಮೆತ್ತನೆಯ ರಬ್ಬರಿನ ಚಪ್ಪಟೆ ತಳ ಬೇಕು. ನನ್ನ ಹಳೆಯ ಬ್ಯಾಡ್ಮಿಂಟನ್ ಶೂ, ಕಂದು ಬಣ್ಣದ ತಳದ್ದು, ಬಹಳ ಚೆನ್ನಾಗಿ ಹಿಡಿಯುತ್ತದೆ. ತಳ ಬೇಗ ತಿಂದುಹೋಗುತ್ತದೆ, ಆದ್ದರಿಂದ ಆಡಲು ಇಟ್ಟ ಹೊಸ ಶೂ ಬೇಡ.

ಎರಿ ಮಣ್ಣಿನ ಸೀಮೆಯವರಿಗೆ ಇನ್ನೊಂದು ಮಾತು. ಒಮ್ಮೆ ಅಣ್ಣಿಗೇರಿ ಕಡೆ ಮಳೆ ಬಿದ್ದ ಮರುದಿನ ಹೊಲದ ದಾರಿ ಹಿಡಿದಿದ್ದೆ. ನೂರು ಹೆಜ್ಜೆ ತಳ್ಳುವಷ್ಟರಲ್ಲಿ ಶೂ ತಳಕ್ಕೆ ರೊಟ್ಟಿಯಷ್ಟು ದಪ್ಪ ಮಣ್ಣು ಮೆತ್ತಿತು, ಪಿನ್ನೆಲ್ಲಾ ಅದರಲ್ಲಿ ಹೂತುಹೋದವು. ಅಂಥಲ್ಲಿ ಯಾವ ಪೆಡಲ್ಲೂ ಹಿಡಿಯುವುದಿಲ್ಲ. ಆದರೆ ನಡುವೆ ಕಿಂಡಿ ದೊಡ್ಡದಾಗಿರುವ ಪೆಡಲ್ ಆದರೆ ಒಂದು ಕಡ್ಡಿ ತೂರಿಸಿ ಮಣ್ಣು ತಳ್ಳಿಬಿಡಬಹುದು. ಮುಚ್ಚಿಕೊಂಡ ಪೆಡಲ್ ಆದರೆ ಕೆರೆದು ಕೆರೆದು ಸಾಕಾಗುತ್ತದೆ.

ಎರಡು ಮಳೆಗಾಲ ಕಳೆದವು. ನಾಲ್ಕು ಪಿನ್ ಬದಲಿಸಿದ್ದೇನೆ, ಒಮ್ಮೆ ತುದಿಯ ಮುಚ್ಚಳ ಬಿಚ್ಚಿ ಗ್ರೀಸ್ ಹಾಕಿದ್ದೇನೆ. ಹೊಸ ಪೆಡಲ್ಲಿಗೆ ರಿಫ್ಲೆಕ್ಟರ್ ಇರಲಿಲ್ಲ, ರಾತ್ರಿ ಓಡಾಡುವುದರಿಂದ ಕ್ರ್ಯಾಂಕಿಗೇ ಮಿಂಚುವ ಟೇಪ್ ಅಂಟಿಸಿದೆ. ಈ ಜೂನಿನಲ್ಲಿ ಅಣ್ಣನ ಮಗಳು ಕಾಲೇಜಿಗೆ ಸೈಕಲ್ ಶುರು ಮಾಡಿದಳು, ಅವಳಿಗೂ ಇಂಥದೇ ಜೋಡಿ ತಂದು ಹಾಕಿದೆ. ಅವಳ ಕ್ಯಾನ್ವಾಸ್ ಶೂವಿನ ತಳ ತೆಳುವು, "ಕಾಕಾ, ಚುಚ್ತಾವು" ಅಂದಳು. ನಡುವಿನ ಎರಡೆರಡು ಪಿನ್ ಬಿಚ್ಚಿ ಕೊಟ್ಟೆ, ಮೂಲೆಯವನ್ನು ಹಾಗೇ ಬಿಟ್ಟಿದ್ದೇನೆ.