ಮೇವಿನ ಹೊಲಕ್ಕೆ ಯೂರಿಯಾ ಒಂದೇ ಸಾಲದು

ಎಂಟು ಹಸು, ಮೂರು ಎಕರೆ ಹೊಲ. ಹೊರಗಿಂದ ಮೇವು ತರಲೇಬಾರದು ಅಂತ ಹಟ ಹಿಡಿದು ಶುರು ಮಾಡಿದ್ದೆ. ಒಂದು ಎಕರೆಗೆ ನೇಪಿಯರ್ ಹುಲ್ಲು ನೆಟ್ಟೆ. ಉಳಿದ ಎರಡು ಎಕರೆಗೆ ಮೇವಿನ ಜೋಳ. ಅದು ಮುಗಿದರೆ ಮತ್ತೆ ಜೋಳ. ಪ್ರತಿ ಕಟಾವು ಆದ ಮೇಲೆ ಯೂರಿಯಾ ಎರಚಿ ನೀರು ಬಿಡುತ್ತಿದ್ದೆ. ವಾರದೊಳಗೆ ಹೊಲ ಕಪ್ಪು ಹಸಿರಾಗಿ ಎದ್ದು ನಿಲ್ಲುತ್ತಿತ್ತು. ಮೊದಲ ಎರಡು ವರ್ಷ ಗೊಬ್ಬರದ ಬಗ್ಗೆ ಬೇರೆ ಯೋಚನೆಯೇ ಬರಲಿಲ್ಲ.

ಮೂರನೇ ವರ್ಷ ನೇಪಿಯರ್ ಸೊರಗಿತು. ಬುಡದ ಹಳೇ ಎಲೆಗಳ ತುದಿ ಮತ್ತು ಅಂಚು ಸುಟ್ಟ ಹಾಗೆ ಕಂದಾದವು. ನಡುವಿನ ದಿಂಡು ಮಾತ್ರ ಹಸಿರು. ಪ್ರತಿ ಬುಡದಲ್ಲೂ ಹೊಸದಾಗಿ ಒಡೆಯುವ ತೆಂಡೆ ಕಡಿಮೆಯಾಯಿತು. ನೀರು ಸಾಲದೇನೋ ಅಂದುಕೊಂಡು ನೀರು ಜಾಸ್ತಿ ಕೊಟ್ಟೆ, ಯೂರಿಯಾವನ್ನೂ ಜಾಸ್ತಿ ಮಾಡಿದೆ. ಏನೂ ಆಗಲಿಲ್ಲ. ಕೊನೆಗೆ ಹೊಲದ ಹದಿನೈದು ಕಡೆ ಒಂದು ಗೇಣು ಆಳಕ್ಕೆ ಅಗೆದು, ಮಣ್ಣು ಬೆರೆಸಿ ಪರೀಕ್ಷೆಗೆ ಕಳಿಸಿದೆ. ಪೊಟ್ಯಾಷ್, ಅಂದರೆ ಪೊಟ್ಯಾಷಿಯಂ ಅಂಶ, ತೀರಾ ಕಡಿಮೆ ಅಂತ ಬಂತು.

ಆವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಒಂದು ಟನ್ ಹಸಿಹುಲ್ಲು ಒಣಗಿದರೆ ಸುಮಾರು 200 ಕೆಜಿ ಉಳಿಯುತ್ತದೆ. ಅದರಲ್ಲಿ ನೂರಕ್ಕೆ 2ರಷ್ಟು ಪೊಟ್ಯಾಷಿಯಂ ಇದೆ ಅಂದುಕೊಂಡರೂ ಟನ್ನಿಗೆ 4 ಕೆಜಿ ಆಯಿತು. ನಾನು ಆ ಎಕರೆಯಿಂದ ವರ್ಷಕ್ಕೆ ಹತ್ತಿರ ಹತ್ತಿರ 60 ಟನ್ ಕೊಯ್ಯುತ್ತಿದ್ದೆ. ಅಂದರೆ 240 ಕೆಜಿ ಪೊಟ್ಯಾಷಿಯಂ ಹೊಲದಿಂದ ಎದ್ದು ಹೋಗುತ್ತಿತ್ತು. ಯೂರಿಯಾದಲ್ಲಿ ಇರುವುದು ಸಾರಜನಕ ಮಾತ್ರ, ನೂರಕ್ಕೆ 46 ಪಾಲು. ಕಾಳಿನ ಬೆಳೆಯಾದರೆ ದಂಟು, ಎಲೆ ಒಂದಿಷ್ಟಾದರೂ ಹೊಲದಲ್ಲೇ ಉಳಿಯುತ್ತವೆ. ಮೇವಿನಲ್ಲಿ ಬುಡದವರೆಗೆ ಕೊಯ್ದು ಹೊತ್ತುಕೊಂಡು ಬರುತ್ತೇವಲ್ಲ, ಅಲ್ಲಿ ಏನು ಉಳಿಯುತ್ತದೆ?

ಹಾಗಾದರೆ ಆ 240 ಕೆಜಿ ಎಲ್ಲಿಗೆ ಹೋಯಿತು? ನಮ್ಮ ಕೊಟ್ಟಿಗೆಗೇ ಬಂದಿತ್ತು. ಹಸು ತಿಂದ ಸಾರಜನಕದಲ್ಲಿ ಸುಮಾರು ಮುಕ್ಕಾಲು ಪಾಲು ಸಗಣಿ, ಗಂಜಲದಲ್ಲೇ ವಾಪಸ್ ಬರುತ್ತದೆ. ಪೊಟ್ಯಾಷ್ ಅಂತೂ ಹೆಚ್ಚಿನದು ಗಂಜಲದಲ್ಲೇ ಇರುತ್ತದೆ. ನಾನು ಸಗಣಿಯನ್ನು ಜೋಪಾನ ಮಾಡಿ ತಿಪ್ಪೆಗೆ ಹಾಕುತ್ತಿದ್ದೆ, ಗಂಜಲವನ್ನು ತೊಳೆದು ಚರಂಡಿಗೆ ಬಿಡುತ್ತಿದ್ದೆ. ತಿಪ್ಪೆಗೆ ಮುಚ್ಚಿಗೆಯೂ ಇರಲಿಲ್ಲ. ಮಳೆ ಬಂದಾಗ ಅದರ ಕೆಳಗಿಂದ ಟೀ ಬಣ್ಣದ ನೀರು ಹರಿಯುತ್ತಿತ್ತು. ಆ ನೀರನ್ನು ದಾಟಿಕೊಂಡು ಎಷ್ಟು ಸಲ ಓಡಾಡಿದ್ದೇನೋ.

ಕೊಟ್ಟಿಗೆಯ ನೆಲಕ್ಕೆ ಇಳಿಜಾರು ಕೊಟ್ಟು, ಕಾಲುವೆ ಮಾಡಿ, ಗಂಜಲ ಮತ್ತು ತೊಳೆದ ನೀರು ಒಂದು ತೊಟ್ಟಿಗೆ ಬರುವ ಹಾಗೆ ಮಾಡಿದೆ. ತಿಪ್ಪೆಗೆ ಮಾಡು ಹಾಕಿಸಿದೆ. ಈಗ ಕಟಾವಾದ ಒಂದೆರಡು ದಿನದೊಳಗೆ ತೊಟ್ಟಿಯ ನೀರನ್ನು ನೀರಾವರಿ ಜೊತೆ ಸೇರಿಸಿ ಬುಡಕ್ಕೆ ಬಿಡುತ್ತೇನೆ. ಚಿಗುರು ಮೇಲೆ ಬಂದ ಮೇಲೆ ಬಿಟ್ಟರೆ ಎಲೆಗೆ ವಾಸನೆ ಹತ್ತುತ್ತದೆ. ಹಸು ಗೋದಲಿಗೆ ಬಾಯಿ ಹಾಕಿ ಮೂಸಿ ತಲೆ ತಿರುಗಿಸುತ್ತದೆ. ಇನ್ನೊಂದು ಮಾತು: ಗಂಜಲ ಕುಡಿದ ಹೊಲದ ಹುಲ್ಲಿನಲ್ಲಿ ಪೊಟ್ಯಾಷ್ ಜಾಸ್ತಿ ಇರುತ್ತದೆ. ಕರು ಹಾಕಲು ಎರಡು ಮೂರು ವಾರ ಇರುವ ಹಸುವಿಗೆ ಅಂಥ ಹುಲ್ಲು ಜಾಸ್ತಿ ಹಾಕಿದರೆ ಹಾಲುಜ್ವರದ (ಕರು ಹಾಕುವ ಹೊತ್ತಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ರೋಗದ) ಅಪಾಯ ಹೆಚ್ಚು. ಅಂಥ ಹಸುವಿಗೆ ಬೇರೆ ಹೊಲದ ಮೇವು ಎತ್ತಿಡುತ್ತೇನೆ.

ಜೋಳದ ಹೊಲದ ಕಥೆ ಬೇರೆ. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಜೋಳಕ್ಕೆ ಮೇಲುಗೊಬ್ಬರ ಅಂತ ಯೂರಿಯಾ ಹಾಕಿದ್ದೆ. ಆಮೇಲೆ ಮೂರು ವಾರ ಮಳೆಯಿಲ್ಲ, ಪಂಪು ಕೆಟ್ಟು ನೀರೂ ಇಲ್ಲ. ಬೆಳೆ ಸುರುಟಿಕೊಂಡು ನಿಂತಿತ್ತು. ಒಂದು ಸಂಜೆ ಜೋರು ಮಳೆ ಬಂತು. ಮೂರನೇ ದಿನ ನೋಡಿದರೆ ಜೋಳ ತಲೆ ಎತ್ತಿತ್ತು. ಖುಷಿಯಲ್ಲಿ ಬುಡಕ್ಕೆ ಕೊಯ್ದು ಹಾಕಿದೆ. ಎರಡು ಗಂಟೆ ಕಳೆದಿರಬಹುದು. ಒಂದು ಹಸು ಮೆಲುಕು ನಿಲ್ಲಿಸಿ ಏದುಸಿರು ಬಿಡತೊಡಗಿತು. ಕಾಲು ತಡವರಿಸಿ ಕುಸಿಯಿತು. ಪಶುವೈದ್ಯರು ಬಂದು ಮೊದಲು ರಕ್ತ ನೋಡಿದರು. ಚಾಕೊಲೇಟ್ ಹಾಗೆ ಕಂದು ಬಣ್ಣ.

ಎಳೇ ಜೋಳದಲ್ಲಿ ಸಯನೈಡ್ ವಿಷ ಇರುತ್ತದೆ ಅಂತ ನನಗೂ ಗೊತ್ತಿತ್ತು. ಅದಕ್ಕೇ ಹೂ ಬರುವ ಮೊದಲು ಕೊಯ್ಯುವಾಗ ಹುಷಾರಾಗಿರುತ್ತಿದ್ದೆ. ಆದರೆ ಆ ವಿಷಕ್ಕೆ ರಕ್ತ ಕೆಂಪಗೆ ಹೊಳೆಯುತ್ತದಂತೆ. ಕಂದು ರಕ್ತ ಅಂದರೆ ನೈಟ್ರೇಟ್ ವಿಷ. ನೈಟ್ರೇಟ್ ಅಂದರೆ ಬೇರು ಮಣ್ಣಿನಿಂದ ಹೀರುವ ಸಾರಜನಕದ ಒಂದು ರೂಪ. ಬರದಲ್ಲಿ ಬೆಳವಣಿಗೆ ನಿಂತಿರುತ್ತದೆ. ಮಳೆ ಬಿದ್ದ ಕೂಡಲೇ ಬೇರು ಮಣ್ಣಿನಲ್ಲಿದ್ದ ಸಾರಜನಕವನ್ನೆಲ್ಲ ಎಳೆದುಕೊಳ್ಳುತ್ತದೆ, ಅದನ್ನು ಪ್ರೋಟೀನ್ ಮಾಡುವಷ್ಟು ಗಿಡ ಇನ್ನೂ ಚೇತರಿಸಿಕೊಂಡಿರುವುದಿಲ್ಲ. ಹಾಗಾಗಿ ದಂಟಿನ ಬುಡದಲ್ಲಿ ನೈಟ್ರೇಟ್ ತುಂಬಿಕೊಳ್ಳುತ್ತದೆ. ಹಸುವಿನ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತಕ್ಕೆ ಸೇರಿದರೆ, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಹೋಗುತ್ತದೆ. ವೈದ್ಯರು ಅದಕ್ಕೆ ಮದ್ದಾದ ಮೆಥಿಲೀನ್ ಬ್ಲೂ ಕೊಟ್ಟರು. ಆ ಹಸು ಉಳಿಯಿತು. ಅದೇ ಮೇವು ತಿಂದಿದ್ದ ಗಬ್ಬದ ಹಸು ನಾಲ್ಕು ದಿನದ ಮೇಲೆ ಗಬ್ಬ ಕಳೆದುಕೊಂಡಿತು.

ಕೊಯ್ದ ಆ ಜೋಳವನ್ನು ಒಣಗಿಸಿ ಹಾಕೋಣವೇ ಅಂತ ಕೇಳಿದೆ. ಬೇಡ ಅಂದರು. ಒಣಗಿಸಿದರೆ ಸಯನೈಡ್ ಇಳಿಯುತ್ತದೆ, ನೈಟ್ರೇಟ್ ಹಾಗೇ ಉಳಿಯುತ್ತದೆ. ಸೈಲೇಜ್ (ಗಾಳಿಯಾಡದ ಹಾಗೆ ಮುಚ್ಚಿ ಹುಳಿ ಬರಿಸಿದ ಹಸಿಮೇವು) ಮಾಡಿದರೆ ಒಂದಿಷ್ಟು ಕಡಿಮೆಯಾಗುತ್ತದೆ, ಆದರೂ ಪರೀಕ್ಷೆ ಮಾಡಿಸದೆ ಹಾಕಬಾರದು. ಈಗ ಬೆಳೆ ಬಾಡಿದ್ದಾಗ ನಾನು ಯೂರಿಯಾ ಮುಟ್ಟುವುದಿಲ್ಲ. ಬರದ ನಂತರ ಮಳೆ ಬಂದರೆ ಕನಿಷ್ಠ ಹತ್ತು ಹದಿನೈದು ದಿನ ಕತ್ತಿ ಹಾಕುವುದಿಲ್ಲ. ಅನುಮಾನ ಇದ್ದರೆ ಮೊದಲು ಪರೀಕ್ಷೆ. ಕೊಯ್ದರೂ ಬುಡದಲ್ಲಿ ಒಂದಡಿ ಬಿಟ್ಟೇ ಕೊಯ್ಯುತ್ತೇನೆ. ಮೊದಲಿನ ಹಾಗೆ ಕೈಗೆ ಬಂದಷ್ಟು ಎರಚುವುದೂ ಇಲ್ಲ. ಎರಡು ಕಂತು ಮಾಡಿ, ಮಣ್ಣಲ್ಲಿ ಸೇರಿಸಿ ನೀರು ಕೊಡುತ್ತೇನೆ. ಒದ್ದೆ ನೆಲದ ಮೇಲೆ ಸುಮ್ನೆ ಬಿದ್ದಿರುವ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಆ ಘಟನೆ ಆದ ಮೇಲೆಯೇ ಬೆಳೆ ಬದಲಿಸುವುದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸಾರಜನಕವನ್ನು ಬೇಳೆ ಜಾತಿಯ ಗಿಡಗಳಿಂದಲೇ ಪಡೆಯೋಣ ಅನ್ನಿಸಿತು. ಒಂದು ಎಕರೆಗೆ ಕುದುರೆ ಮೆಂತ್ಯ (ಲೂಸರ್ನ್) ಹಾಕಿದೆ. ಇನ್ನೊಂದರಲ್ಲಿ ಎರಡು ಸಾಲು ಮೆಕ್ಕೆಜೋಳ, ಒಂದು ಸಾಲು ಅಲಸಂದೆ. ಅದು ಮುಗಿದ ಮೇಲೆ ಪೂರ್ತಿ ಅಲಸಂದೆ, ಆಮೇಲೆ ಜೋಳ.

ಮೊದಲ ಸಲ ಅಲಸಂದೆಗೂ ಯೂರಿಯಾ ಬಿದ್ದಿತ್ತು. ಮೆಕ್ಕೆಜೋಳ ಉಕ್ಕಿ ಬೆಳೆದು ಅಲಸಂದೆಗೆ ಬಿಸಿಲೇ ಸಿಗಲಿಲ್ಲ. ಗಿಡ ಅಗೆದು ನೋಡಿದರೆ ಬೇರಲ್ಲಿ ಅಲ್ಲೊಂದು ಇಲ್ಲೊಂದು ಗಂಟು. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ ಇರುವುದು ಈ ಗಂಟುಗಳಲ್ಲೇ. ಸಾರಜನಕ ಪುಕ್ಕಟೆ ಸಿಕ್ಕರೆ ಗಿಡ ಯಾಕೆ ಕಷ್ಟಪಡುತ್ತದೆ? ಮುಂದಿನ ಸಲ ಮೆಕ್ಕೆಜೋಳದ ಸಾಲಿಗೆ ಮಾತ್ರ ಗೊಬ್ಬರ ಕೊಟ್ಟೆ. ಮೂವತ್ತೈದು ದಿನಕ್ಕೆ ಒಂದು ಅಲಸಂದೆ ಗಿಡವನ್ನು ಮಣ್ಣು ಸಮೇತ ಎತ್ತಿ ಬಕೆಟ್ ನೀರಲ್ಲಿ ಅದ್ದಿದೆ. ಬೇರಿನ ತುಂಬ ಮೆಣಸಿನ ಕಾಳಿನ ಗಾತ್ರದ ಗಂಟುಗಳು. ಒಂದನ್ನು ಉಗುರಲ್ಲಿ ಸೀಳಿದೆ. ಒಳಗೆ ಮಾಂಸದ ಹಾಗೆ ನಸುಗೆಂಪು. ಆ ಕೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ ಅಂತ ಅರ್ಥ. ಹಸಿರೋ ಬೂದಿಯೋ ಆಗಿದ್ದರೆ ಅದರ ಕೆಲಸ ಮುಗಿದಿದೆ. ಇವತ್ತಿಗೂ ಪ್ರತಿ ಬೆಳೆಯಲ್ಲಿ ನಾಲ್ಕೈದು ಗಿಡ ಕಿತ್ತು ಹೀಗೆ ನೋಡುತ್ತೇನೆ.

ಕುದುರೆ ಮೆಂತ್ಯಕ್ಕೆ ಅಲಸಂದೆಯ ರೈಜೋಬಿಯಂ (ಗಂಟು ಕಟ್ಟುವ ಬ್ಯಾಕ್ಟೀರಿಯಾ) ಹೊಂದುವುದಿಲ್ಲ. ಅದರದ್ದೇ ಬೇರೆ ಜಾತಿ ಇದೆ, ಬೀಜಕ್ಕೆ ಅದನ್ನೇ ಹಚ್ಚಿ ಬಿತ್ತಬೇಕು. ಇದಕ್ಕೆ ರಂಜಕ, ಪೊಟ್ಯಾಷ್ ಧಾರಾಳವಾಗಿ ಬೇಕು. ಮುಂಜಾನೆ ಇಬ್ಬನಿಯಲ್ಲಿ ಕೊಯ್ದ ಎಳೇ ಸೊಪ್ಪನ್ನು ಹಸಿದ ಹಸುವಿಗೆ ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ, ಮೊದಲು ಒಣಮೇವು ತಿನ್ನಿಸಿರಬೇಕು. ಮೂರನೇ ವರ್ಷ ಅಲ್ಲಲ್ಲಿ ಖಾಲಿಯಾದ ಜಾಗಕ್ಕೆ ಮತ್ತೆ ಅದೇ ಬೀಜ ಹಾಕಿದೆ. ಮೊಳಕೆ ಬಂತು, ಮೇಲೇಳಲಿಲ್ಲ. ಹಳೇ ಕುದುರೆ ಮೆಂತ್ಯ ತನ್ನದೇ ಸಸಿಯನ್ನು ಬೆಳೆಯಗೊಡುವುದಿಲ್ಲ ಅಂತ ಆಮೇಲೆ ತಿಳಿಯಿತು.

ಅದನ್ನು ಉತ್ತು ಮೆಕ್ಕೆಜೋಳ ಹಾಕಿದೆ. ಅರ್ಧ ಹೊಲಕ್ಕೆ ಯೂರಿಯಾ ಕೊಟ್ಟೆ, ಅರ್ಧಕ್ಕೆ ಕೊಡಲಿಲ್ಲ. ಐವತ್ತನೇ ದಿನ ಬದುವಿನ ಮೇಲೆ ನಿಂತು ನೋಡಿದರೆ ಗೆರೆ ಎಲ್ಲಿದೆ ಅಂತ ನನಗೇ ಗುರುತು ಸಿಗಲಿಲ್ಲ. ಈಗ ಸೊರಗಿದ್ದ ನೇಪಿಯರ್ ಎಕರೆಯ ಸರದಿ. ಹಳೇ ಬುಡಗಳನ್ನು ಕಿತ್ತು, ಮಾಗಿದ ತಿಪ್ಪೆಗೊಬ್ಬರ ಹರಡಿ, ಅಲಸಂದೆ ಬಿತ್ತಿ ಇವತ್ತಿಗೆ ಹನ್ನೆರಡು ದಿನ.